ಒಣನೆಲದ ನಡುಗಡ್ಡೆಗಳು



ಪೆಸಿಫಿಕ್ ಮಹಾಸಾಗರದಲ್ಲಿ ಕಿರಿಬಾಸ್ ಎಂಬ ದೇಶವಿದೆ. ಅದರಲ್ಲಿ 33 ನಡುಗಡ್ಡೆಗಳು. ಎಲ್ಲವನ್ನೂ ಕೂಡಿಸಿದರೆ ನೆಲ ಬರೀ 811 ಚದರ ಕಿಲೋಮೀಟರು, ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕಿನಷ್ಟು. ಆದರೆ ಆ ನೆಲದ ಚೂರುಗಳು ಚದುರಿ ಬಿದ್ದಿರುವ ಕಡಲಿನ ಹರವು ಸುಮಾರು 35 ಲಕ್ಷ ಚದರ ಕಿಲೋಮೀಟರು. ಅದು ಇಡೀ ಭಾರತದ ನೆಲಕ್ಕಿಂತ ದೊಡ್ಡದು. ಇಂಥ ಕಡೆ ಹಕ್ಕಿ, ಆಮೆ, ಮೀನು, ಹವಳ ಇವನ್ನು ಉಳಿಸುವ ಕೆಲಸ ಹೊತ್ತವರು ಒಂದು ಊರಿನವರ ಜೊತೆ ಮಾತು ಮುಗಿಸಿ ಮುಂದಿನ ಊರಿಗೆ ಹೋಗಬೇಕಾದರೆ ಹಡಗಿಗಾಗಿ ದಿನಗಟ್ಟಲೆ ಕಾಯಬೇಕು. ಲಾಭದ ಲೆಕ್ಕವಿಲ್ಲದ ಸಂಸ್ಥೆಗಳು, ಕೈಬೆರಳೆಣಿಕೆಯ ಜನರನ್ನು ಇಟ್ಟುಕೊಂಡು, ಈ ಕೆಲಸವನ್ನು ನಡೆಸಿಕೊಂಡು ಬಂದಿವೆ.

ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಅಷ್ಟು ದೂರದ ಕಡಲಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿಯೂ ನಡುಗಡ್ಡೆಗಳಿವೆ. ಅವುಗಳ ಸುತ್ತ ಇರುವುದು ಉಪ್ಪು ನೀರಲ್ಲ, ಕಬ್ಬು.

ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಅರಣ್ಯವನ್ನು ನೋಡಿ. ಕುರುಚಲು ಗಿಡ, ಮುಳ್ಳುಕಂಟಿ, ಕಲ್ಲುಗರಸು, ಮಳೆ ಬಿದ್ದ ಎರಡು ತಿಂಗಳು ಹಸಿರಾಗಿ ಆಮೇಲೆ ಹೊಂಬಣ್ಣಕ್ಕೆ ತಿರುಗುವ ಹುಲ್ಲು. ದೊಡ್ಡ ಮರಗಳ ಕಾಡನ್ನು ನೋಡಿ ಬಂದವರಿಗೆ ಇಲ್ಲಿ ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಇದೇ ನೆಲದ 96 ಚದರ ಕಿಲೋಮೀಟರಿನಷ್ಟು ಭಾಗ 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರ ಎಂಬ ಹುಲ್ಲೆಗಾಗಿಯೇ ಗುರುತಾದ ರಾಜ್ಯದ ಮೊದಲ ಅಭಯಾರಣ್ಯ ಇದು. ಮೂರು ವರ್ಷದ ನಂತರ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣ ಎರಡನೆಯದಾಯಿತು.

ಚಿಂಕಾರವನ್ನು ನಮ್ಮ ಚಿಗರಿಯ ಜೊತೆ ಹೋಲಿಸಬೇಡಿ. ಚಿಗರಿ ಹಿಂಡು ಕಟ್ಟಿಕೊಂಡು, ಮಾರುದ್ದ ಜಿಗಿಯುತ್ತ, ಎಲ್ಲರಿಗೂ ಕಾಣುವಂತೆ ಬದುಕುವ ಪ್ರಾಣಿ. ಚಿಂಕಾರ ಹಾಗಲ್ಲ. ಒಂಟಿಯಾಗಿ ಇಲ್ಲವೇ ಎರಡು ಮೂರರ ಗುಂಪಿನಲ್ಲಿರುತ್ತದೆ. ಮೈ ಒಣ ಮಣ್ಣಿನ ಬಣ್ಣ, ಹೊಟ್ಟೆ ಬಿಳುಪು, ಬಾಲ ಕರಿದು. ಅನುಮಾನ ಬಂದರೆ ಮುಂಗಾಲನ್ನು ನೆಲಕ್ಕೆ ಬಡಿದು ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತದೆ. ತೂಕ ಇಪ್ಪತ್ತು ಕಿಲೋ ಚಿಲ್ಲರೆ. ತಿನ್ನುವ ಸೊಪ್ಪಿನಲ್ಲಿ, ಎಲೆಯ ಮೇಲಿನ ಇಬ್ಬನಿಯಲ್ಲಿ ಸಿಗುವ ತೇವದಲ್ಲೇ ಅದು ಎಷ್ಟೋ ದಿನ ನೀರಿನ ಹಂಗಿಲ್ಲದೆ ಬದುಕಬಲ್ಲದು. ರಾಜಸ್ಥಾನದ ಮರಳುಗಾಡಿನಲ್ಲಿ ಹೆಚ್ಚಾಗಿರುವ ಈ ಪ್ರಾಣಿಯ ನೆಲೆಗಳ ದಕ್ಷಿಣದ ಕಡೆಯ ಅಂಚು ನಮ್ಮ ಕರ್ನಾಟಕ. ವರ್ಷಕ್ಕೆ 600 ಮಿಲಿಮೀಟರೂ ಮಳೆ ಕಾಣದ ನಮ್ಮ ಸೀಮೆಯನ್ನು ಬರದ ನಾಡು ಎಂದು ಮರುಗುತ್ತೇವಲ್ಲ, ಆ ಬರವೇ ಈ ಪ್ರಾಣಿಗೆ ಒಪ್ಪಿದ ಹವೆ.

ಅದಕ್ಕೆ ಬೇಕಾದದ್ದು ಬಯಲು. ದೂರದವರೆಗೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ದಾರಿ ಇರಬೇಕು. ಸಜ್ಜೆ, ಹೆಸರು, ಶೇಂಗಾ ಬೆಳೆಯುತ್ತಿದ್ದ ಹೊಲಗಳು ಕಟಾವಾದ ಮೇಲೆ ಬಯಲಾಗಿಯೇ ಇರುತ್ತಿದ್ದವು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಪ್ರಾಣಿ ದಾಟಿ ಹೋಗಬಹುದಿತ್ತು. ಕಾಲುವೆ ನೀರು, ಕೊಳವೆಬಾವಿ ಬಂದಲ್ಲೆಲ್ಲ ಕಬ್ಬು ಬಂತು. ರೈತನನ್ನು ಇದಕ್ಕೆ ದೂರುವುದು ಅನ್ಯಾಯ. ತಲೆಮಾರುಗಟ್ಟಲೆ ಮಳೆಯ ಬಾಯಿ ನೋಡಿದವನು ನೀರು ಬಂದಾಗ ನೀರಿನ ಬೆಳೆ ಬೆಳೆಯದೆ ಇನ್ನೇನು ಮಾಡಬೇಕು? ಆದರೆ ಆಳೆತ್ತರದ ಕಬ್ಬಿನ ಗೋಡೆಯೊಳಗೆ ಚಿಂಕಾರ ನುಗ್ಗುವುದಿಲ್ಲ. ಹೀಗೆ ಯಡಹಳ್ಳಿ ನಡುಗಡ್ಡೆಯಾಯಿತು. ಬಾದಾಮಿಯ ಮರಳುಗಲ್ಲಿನ ಬೆಟ್ಟಸಾಲು ಒಂದು ನಡುಗಡ್ಡೆ. ಹುನಗುಂದ, ಇಳಕಲ್ಲಿನ ಸುತ್ತಲ ಕೆಂಪು ಗ್ರಾನೈಟ್ ಗುಡ್ಡಗಳು ಇನ್ನಷ್ಟು ಸಣ್ಣ ನಡುಗಡ್ಡೆಗಳು. ಆ ಕಲ್ಲಿಗೆ ಪರದೇಶಗಳಲ್ಲೂ ಬೇಡಿಕೆ ಇರುವುದರಿಂದ ಕೆಲವು ಗುಡ್ಡಗಳು ಹಲಗೆ ಹಲಗೆಯಾಗಿ ಊರು ಬಿಟ್ಟು ಹೋಗುತ್ತಿವೆ. ಐಹೊಳೆಗೂ ಇಳಕಲ್ಲಿಗೂ ನಡುವೆ ಸಿದ್ದನಕೊಳ್ಳವಿದೆ. ಅಲ್ಲಿ ನೀರಿದೆ, ಲಜ್ಜಾಗೌರಿಯ ಮೂರ್ತಿ ಇದೆ, ದೇವರ ಹೆಸರಿನಲ್ಲಿ ಕೊಡಲಿ ಬೀಳದೆ ಉಳಿದ ಗಿಡಮರಗಳಿವೆ. ಅದೂ ಒಂದು ನಡುಗಡ್ಡೆಯೇ.

1967ರಲ್ಲಿ ರಾಬರ್ಟ್ ಮೆಕಾರ್ಥರ್, ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ನಡುಗಡ್ಡೆಗಳ ಜೀವಿಗಳ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು. ನಡುಗಡ್ಡೆ ಸಣ್ಣದಾದಷ್ಟೂ ಜೀವಿಗಳು ಬೇಗ ಅಳಿಯುತ್ತವೆ. ದೂರದಲ್ಲಿದ್ದಷ್ಟೂ ಅಳಿದವುಗಳ ಜಾಗಕ್ಕೆ ಹೊಸವು ಬಂದು ಸೇರುವುದು ಕಡಿಮೆ. ಕಡಲಿಗಾಗಿ ಬರೆದ ಈ ಮಾತನ್ನು ಆಮೇಲೆ ಲೋಕದ ಎಲ್ಲ ಕಡೆ ತುಂಡು ತುಂಡಾದ ಕಾಡುಗಳಿಗೂ ಅನ್ವಯಿಸಿ ನೋಡಿದರು. ಅಂದಮೇಲೆ ಯಡಹಳ್ಳಿಯ ಸುತ್ತ ಬೇಲಿ ಹಾಕಿ ಕಾವಲುಗಾರನನ್ನು ನಿಲ್ಲಿಸಿದರೆ ಕೆಲಸ ಮುಗಿಯುವುದಿಲ್ಲ. ನಡುಗಡ್ಡೆಗಳ ನಡುವಿನ ನೆಲದಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ನಡುಗಡ್ಡೆಯ ಭವಿಷ್ಯ ನಿಂತಿದೆ. ಆ ನಡುವಿನ ನೆಲ ಜನರದ್ದು.

ಇಲ್ಲಿಗೆ ಬಂದಾಗ ನನಗೆ ಬಾಗಲಕೋಟೆ ಊರೇ ಕಣ್ಣ ಮುಂದೆ ಬರುತ್ತದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆ ನಾಲ್ಕು ದಶಕಗಳ ನಂತರ ಪೂರ್ತಿಯಾಗಿ ಎದ್ದು ನಿಂತಿತು. ಹಿನ್ನೀರು ಹಳೇ ಊರಿನ ಓಣಿಗಳಿಗೆ ಬಂತು. ಕೃಷ್ಣೆ, ಘಟಪ್ರಭೆಯರ ದಂಡೆಯ ಎಷ್ಟೋ ಹಳ್ಳಿಗಳು ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ನವನಗರ ಹುಟ್ಟಿತು. ಇವತ್ತಿಗೂ ನಮ್ಮ ಊರನ್ನು ಮುಳುಗಡೆ ನಗರಿ ಎಂದೇ ಕರೆಯುತ್ತಾರೆ. ಅಲ್ಲಿಗೇ ಮುಗಿದಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ನಮ್ಮ ತಲೆಯ ಮೇಲಿದೆ. ಏರಿಕೆ ಐದು ಮೀಟರಿಗೂ ಕಡಿಮೆ. ಆದರೆ ಇಳಿಜಾರು ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಅಷ್ಟು ಎತ್ತರದ ನೀರು ಎಷ್ಟು ದೂರ ಹರಡುತ್ತದೆಂದು ದಂಡೆಯ ರೈತನಿಗೆ ಚೆನ್ನಾಗಿ ಗೊತ್ತು.

ಕಿರಿಬಾಸ್ ಜನರಿಗೂ ನೀರೇರುವ ಚಿಂತೆ. ಬಹುಪಾಲು ಸಮುದ್ರ ಮಟ್ಟಕ್ಕಿಂತ ಎರಡು ಮೂರು ಮೀಟರಷ್ಟೇ ಎತ್ತರದ ನೆಲ ಅವರದು. 2014ರಲ್ಲಿ ಆ ಸರಕಾರ ಫಿಜಿ ದೇಶದ ವನುವಾ ಲೇವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರು ಜಮೀನು ಖರೀದಿ ಮಾಡಿತು. ಒಂದು ದೇಶ ಮುಂದಿನ ದಿನಗಳಿಗೆಂದು ಇನ್ನೊಂದು ದೇಶದಲ್ಲಿ ನೆಲ ಕೊಂಡಿಟ್ಟುಕೊಂಡ ಸುದ್ದಿ ಕೇಳಿ ಜಗತ್ತು ಬೆರಗಾಯಿತು. ಮನೆಯ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿ ಹೊಸ ಊರಿಗೆ ಒಯ್ದವರಿಗೆ ಆ ಜನರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಾಗಲೇ ಒಮ್ಮೆ ನೆಲ ಕೊಟ್ಟ ಜನರ ಬಾಗಿಲಿಗೆ ವನ್ಯಜೀವಿಗಳ ಹೆಸರು ಹೇಳಿಕೊಂಡು ಹೋಗುವವನು ಮೊದಲು ಇದನ್ನು ಅರಿತಿರಬೇಕು. ಅಭಯಾರಣ್ಯ ಎಂಬ ಮಾತು ಕೇಳಿದ ಕೂಡಲೇ ಅವರಿಗೆ ನೆನಪಾಗುವುದು ನೋಟೀಸು, ಸರ್ವೆ ಕಲ್ಲು, ಪರಿಹಾರದ ಅರ್ಜಿ, ಕೋರ್ಟಿನ ಕಟ್ಟೆ. ಹಾಗಾಗಿ ನಮ್ಮಲ್ಲಿ ಈ ಕೆಲಸ ನಡೆಯುವುದಾದರೆ ಅದು ಕೇಳಿ ಪಡೆಯುವ ಕೆಲಸವಾಗಿಯೇ ನಡೆಯಬೇಕು, ಕಸಿದುಕೊಳ್ಳುವ ಕೆಲಸವಾಗಿ ನಡೆಯಲಾರದು. ಇದನ್ನು ಒಳ್ಳೆಯತನಕ್ಕಾಗಿ ಮಾತ್ರ ಹೇಳುತ್ತಿಲ್ಲ. ಬದುಕಿನ ಆಸರೆಯನ್ನು ಕಸಿದುಕೊಂಡು ಕಾಯ್ದದ್ದು ನಿಲ್ಲುವುದಿಲ್ಲ ಎಂಬುದಕ್ಕೆ ಪೆಸಿಫಿಕ್ ಕಡಲಿನಲ್ಲೇ ಸಾಕ್ಷಿಯಿದೆ.

ಕಿರಿಬಾಸ್ ತನ್ನ ಫೀನಿಕ್ಸ್ ದ್ವೀಪಗಳ ಸುತ್ತ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾದ ಕಡಲನ್ನು ಕಾಯ್ದಿಟ್ಟಿತು. 2010ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ನಮ್ಮ ಪಟ್ಟದಕಲ್ಲು 1987ರಲ್ಲಿ ಸೇರಿದ ಪಟ್ಟಿಯೇ ಅದು. 2015ರಲ್ಲಿ ಅಲ್ಲಿ ವ್ಯಾಪಾರಿ ಮೀನುಗಾರಿಕೆ ಪೂರ್ತಿ ನಿಂತಿತು. ಲೋಕವೆಲ್ಲ ಹೊಗಳಿತು. 2021ರಲ್ಲಿ ಸರಕಾರವೇ ಮತ್ತೆ ಅದನ್ನು ಮೀನುಗಾರಿಕೆಗೆ ತೆರೆಯುವುದಾಗಿ ಹೇಳಿತು. ಮೀನಿನ ಆದಾಯವನ್ನೇ ನಂಬಿದ ಬಡ ದೇಶಕ್ಕೆ ಆ ನಷ್ಟ ತಾಳಲಾಗಲಿಲ್ಲ.

ಇನ್ನೊಂದು ಕತೆ ಫಿಜಿಯ ಉಥುನಿವನುವಾ ಎಂಬ ಹಳ್ಳಿಯದು. ಅಲ್ಲಿನ ಜನ, ಅದರಲ್ಲೂ ಹೆಂಗಸರು, ದಂಡೆಯ ಕೆಸರಿನಲ್ಲಿ ಕೈಕೋಸೋ ಎಂಬ ಕಪ್ಪೆಚಿಪ್ಪನ್ನು ಆಯ್ದು ತಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದರು, ಮಾರುತ್ತಿದ್ದರು. ಚಿಪ್ಪು ಕಡಿಮೆಯಾಗುತ್ತ ಬಂತು. ವಿಶ್ವವಿದ್ಯಾಲಯದವರು ಬಂದು ಊರವರ ಜೊತೆ ಕೂತು ಮಾತಾಡಿದರು. 1997ರಲ್ಲಿ ಹಳ್ಳಿಯ ಜನರೇ ಸುಮಾರು 24 ಹೆಕ್ಟೇರು, ಅಂದರೆ 60 ಎಕರೆಯಷ್ಟು ದಂಡೆಯಲ್ಲಿ ಮೂರು ವರ್ಷ ಯಾರೂ ಚಿಪ್ಪು ತೆಗೆಯಬಾರದೆಂದು ಕಟ್ಟು ಮಾಡಿದರು. ಹಿರಿಯರ ಕಾಲದಿಂದ ಬಂದ ನಿಷೇಧದ ಪದ್ಧತಿ ಅವರಲ್ಲಿ ಮೊದಲೇ ಇತ್ತು, ಅದನ್ನೇ ಮತ್ತೆ ಜೀವಂತ ಮಾಡಿದರು. ಮುಖ್ಯವಾದದ್ದು ಇನ್ನು ಮುಂದಿದೆ. ಚಿಪ್ಪು ಎಣಿಸುವ ಕೆಲಸವನ್ನು ಹೊರಗಿನ ತಜ್ಞರು ಮಾಡಲಿಲ್ಲ. ಹಗ್ಗ ಎಳೆದು, ಅಳತೆ ಹಾಕಿ, ಒಂದೊಂದು ಜಾಗದಲ್ಲಿ ಎಷ್ಟು ಚಿಪ್ಪುಗಳಿವೆ ಎಂದು ಊರವರೇ ಕಲಿತು ಎಣಿಸಿದರು. 2004ರ ಹೊತ್ತಿಗೆ ನಿಷೇಧದ ಜಾಗದಲ್ಲಿ ಚಿಪ್ಪು ಹದಿಮೂರು ಪಟ್ಟು, ಪಕ್ಕದ ಜಾಗದಲ್ಲಿ ಐದು ಪಟ್ಟು ಹೆಚ್ಚಾಗಿತ್ತು. ತಮ್ಮ ಕೈಯಿಂದಲೇ ಎಣಿಸಿದ್ದರಿಂದ ಯಾರೂ ಬಂದು ಅವರಿಗೆ ನಂಬಿಸಬೇಕಾಗಿರಲಿಲ್ಲ. ಆ ಒಂದು ಹಳ್ಳಿಯಿಂದ ಶುರುವಾದದ್ದು ಫಿಜಿಯ ನೂರಾರು ಹಳ್ಳಿಗಳಿಗೆ ಹಬ್ಬಿತು.

ನಮ್ಮಲ್ಲಿ ಎಣಿಸಬಲ್ಲವರು ಯಾರು? ಕುರಿಗಾರರು. ಬೆಳಗಿನಿಂದ ಸಂಜೆಯವರೆಗೆ ಈ ಬಯಲಿನಲ್ಲೇ ಇರುವವರು, ಯಾವ ಕೊಳ್ಳದಲ್ಲಿ ತೋಳ ಮರಿ ಹಾಕಿದೆ, ಯಾವ ದಿಬ್ಬದ ಮೇಲೆ ಚಿಂಕಾರ ಮಲಗುತ್ತದೆ ಎಂದು ನೋಡಿ ಬಲ್ಲವರು ಅವರೇ. ಬಾದಾಮಿ ಕಡೆಯ ಹೊಲವೊಂದರಲ್ಲಿ ದಡ್ಡಿ ಹಾಕಿದ್ದ ಹಿರಿಯರೊಬ್ಬರನ್ನು ನಾನು ಕೇಳಿದೆ, "ಯಜ್ಜಾ, ತ್ವಾಳ ಬಂದ್ರ ಏನ್ ಮಾಡ್ತೀರಿ?" ಎಂದು.

"ಏನ್ ಮಾಡೂದೈತಿ ತಮ್ಮಾ, ನಾಯಿ ಬೊಗಳ್ತಾವು, ನಾವು ಹುಯ್ಲು ಎಬ್ಬಸ್ತೀವಿ. ಆದ್ರೂ ಒಂದೊಂದ್ಸಲ ಒಯ್ತೈತಿ. ಅದರ ಪಾಲು ಅದು ಒಯ್ತು ಅಂತೀವಿ" ಎಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು, "ಪಾಲು ಅಂದ್ರೂ ಹೊಟ್ಟಿ ಉರೀದಂಗಿರತೈತೇನು? ಒಂದು ಟಗರು ಅಂದ್ರ ಎಷ್ಟು ರೊಕ್ಕ ಆತು ಲೆಕ್ಕಾ ಹಾಕು."

ಇವರ ಮೊದಲ ಮಾತನ್ನಷ್ಟೇ ತೆಗೆದುಕೊಂಡು ಹಳ್ಳಿಯ ಜನ ಪ್ರಕೃತಿಯ ಜೊತೆ ಎಷ್ಟು ಚೆಂದ ಹೊಂದಿಕೊಂಡಿದ್ದಾರೆ ಎಂದು ಹಾಡಿ ಹೊಗಳುವವರಿದ್ದಾರೆ. ಎರಡನೆಯ ಮಾತನ್ನೂ ಕೇಳಿಸಿಕೊಂಡವನೇ ಕೆಲಸಕ್ಕೆ ಇಳಿಯಬಲ್ಲ. ಸತ್ತ ಕುರಿಗೆ ಪರಿಹಾರ ಉಂಟು, ಆದರೆ ಪಂಚನಾಮೆಗೆ ಕಾಯುತ್ತ ನಿಂತರೆ ಹಿಂಡು ನಿಲ್ಲುವುದಿಲ್ಲ. ಇವತ್ತು ಬಾದಾಮಿ ಹೊಲದಲ್ಲಿದ್ದವರು ನಾಳೆ ಇನ್ನೆಲ್ಲೋ. ಗುಡ್ಡದಿಂದ ಗುಡ್ಡಕ್ಕೆ ಓಡಾಡಿ ಆ ಕಾಗದಪತ್ರ ಮಾಡಿಸಿಕೊಡುವ ಒಬ್ಬ ಹುಡುಗನಿಗೆ ಸಂಬಳ ಕೊಟ್ಟರೆ, ಅದು ತೋಳ ಉಳಿಸುವ ದೊಡ್ಡ ಕೆಲಸ ಎಂದು ನಾನು ಬಲವಾಗಿ ನಂಬಿದ್ದೇನೆ.

ಅದೇ ಹಣದಲ್ಲಿ ಸಸಿ ನೆಡುವ ಉತ್ಸಾಹ ಮಾತ್ರ ನಮ್ಮ ಸಂಘ ಸಂಸ್ಥೆಗಳಿಗೆ ಬಹಳ. ಬಯಲು ಕಂಡರೆ ಗುಂಡಿ ತೋಡುತ್ತೇವೆ. ಇದು ಕೂಡದು ಎಂದು ಕೈ ಮುಗಿದು ಹೇಳುತ್ತೇನೆ. ಕೇಂದ್ರ ಸರಕಾರದ ಪಾಳುಭೂಮಿ ನಕಾಶೆಗಳಲ್ಲಿ ಕುರುಚಲು ನೆಲವೂ ಪಾಳಿನ ಲೆಕ್ಕಕ್ಕೇ ಸೇರಿದೆ. ರಾಣೆಬೆನ್ನೂರಿನ ಕತೆ ನಮ್ಮ ಕಣ್ಣೆದುರಿಗಿದೆ. 1974ರಲ್ಲಿ ಅಲ್ಲಿನ 119 ಚದರ ಕಿಲೋಮೀಟರು ಚಿಗರಿಗಳಿಗಾಗಿ ಅಭಯಾರಣ್ಯವಾಯಿತು. ಚಿಗರಿಗಳು ಹೆಚ್ಚಿದವು, ಅದು ನಿಜ. ಆದರೆ ಅದರ ಬಹುಭಾಗ ನೀಲಗಿರಿ ತೋಪು. ತೆರೆದ ಹುಲ್ಲುಗಾವಲಿನಲ್ಲೇ ಬದುಕುವ, ನೆಲದ ಮೇಲೇ ಮೊಟ್ಟೆ ಇಡುವ ಎರ್ಲಡ್ಡು ಹಕ್ಕಿ ಒಂದು ಕಾಲಕ್ಕೆ ಅಲ್ಲಿತ್ತು. ಈಗ ಇಲ್ಲ. ಇಡೀ ರಾಜ್ಯದಲ್ಲಿ ಆ ಹಕ್ಕಿಯ ಸುದ್ದಿ ಕೇಳಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಿಗೆ ಹೋಗಬೇಕು. ಮರ ನೆಡುವುದಕ್ಕೆ ಊರಿನ ರಸ್ತೆಗಳಿವೆ, ಶಾಲೆಯ ಅಂಗಳಗಳಿವೆ, ಹೊಲದ ಬದುಗಳಿವೆ. ಹುಲ್ಲಿನ ನೆಲವನ್ನು ಹುಲ್ಲಿಗೇ ಬಿಡೋಣ.

ಹೊರಗಿನಿಂದ ಬಂದ ಜೀವಿಗಳು ನಡುಗಡ್ಡೆಗಳಿಗೆ ಎಂಥ ಕೇಡು ಮಾಡುತ್ತವೆಂದು ಪೆಸಿಫಿಕ್‌ನವರು ಚೆನ್ನಾಗಿ ಬಲ್ಲರು. ಎರಡನೆಯ ಮಹಾಯುದ್ಧದ ನಂತರ ಸೈನ್ಯದ ಸಾಮಾನಿನೊಳಗೆ ಅಡಗಿ ಗುವಾಮ್ ದ್ವೀಪಕ್ಕೆ ಬಂದ ಒಂದು ಜಾತಿಯ ಹಾವು ಅಲ್ಲಿನ ಕಾಡಿನ ಹಕ್ಕಿಗಳ ಬಹುಪಾಲನ್ನು ತಿಂದು ಮುಗಿಸಿತು. ನಮ್ಮ ನಡುಗಡ್ಡೆಗಳಿಗೆ ಅಂಥ ಕಾಟ ಬೀದಿನಾಯಿಗಳದು. ಮಾಂಸದಂಗಡಿಯ ಕಸ, ಕೋಳಿಫಾರಮ್ಮಿನ ಸತ್ತ ಕೋಳಿ ಊರ ಹೊರಗೆ ಬಿದ್ದಲ್ಲೆಲ್ಲ ಅವುಗಳ ಹಿಂಡು ಬೆಳೆಯುತ್ತದೆ. ಆ ಹಿಂಡು ಅಟ್ಟಿಸಿಕೊಂಡು ಬಂದರೆ ಚಿಂಕಾರದ ಮರಿಗೆ ಉಳಿವಿಲ್ಲ. ಕಸ ಎಲ್ಲಿ ಹಾಕುತ್ತೇವೆ ಎಂಬುದೂ ವನ್ಯಜೀವಿ ಉಳಿಸುವ ಕೆಲಸದ ಭಾಗವೇ ಆಗಿದೆ.

ಕೇಳಿ ಪಡೆಯುವುದು ಹೇಗೆಂದು ಕಲಿಯಲು ನಾವು ಫಿಜಿಗೇ ಹೋಗಬೇಕಾಗಿಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಶುರು ಮಾಡಿದರು. ದವಸ, ದುಡ್ಡು ಬೇಡಲಿಲ್ಲ. ನಿಮ್ಮ ಕುಡಿತ, ತಂಬಾಕು, ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಕೇಳಿದರು. ಜನ ಎದ್ದು ಬಂದು ಜೇಬಿನ ಬೀಡಿ, ತಂಬಾಕಿನ ಚೀಟು ತೆಗೆದು ಹಾಕಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಈ ಕೆಲಸ ಬಿಡಲಿಲ್ಲ. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕಾನೂನಿನ ಬಲವಿಲ್ಲ, ದಂಡದ ಹೆದರಿಕೆಯಿಲ್ಲ. ಊರಿನ ಎದುರು ನಿಂತು ಕೇಳುವುದು, ಊರಿನ ಎದುರು ಒಪ್ಪಿಕೊಳ್ಳುವುದು ಅಷ್ಟೇ. ಕೊಟ್ಟವನು ಮತ್ತೆ ಬೀಡಿ ಹಚ್ಚಿದರೆ ಓಣಿಯವರೇ ಕೇಳುತ್ತಿದ್ದರು. ವನ್ಯಜೀವಿಗಳ ಪರವಾಗಿ ಓಡಾಡುವ ಯಾವ ಸಂಸ್ಥೆಯೇ ಆಗಲಿ, ನಮ್ಮ ಸೀಮೆಯಲ್ಲಿ ಈ ದಾರಿಯನ್ನು ಕಲಿತು ಕಾಲಿಡಲಿ. ನಿಮ್ಮ ಗುಡ್ಡವನ್ನೆಲ್ಲ ಕೊಡಿ ಎನ್ನುವುದು ಬೇಡ. ತೋಳ ಮರಿ ಹಾಕುವ ಕೊಳ್ಳಕ್ಕೆ ಆ ಎರಡು ಮೂರು ತಿಂಗಳು ಹೋಗಬೇಡಿ, ಕಣ್ಣಿ ಹಾಕುವುದನ್ನು ಬಿಡಿ, ಸುಗ್ಗಿ ಮುಗಿದ ಮೇಲೆ ಗುಡ್ಡಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳಿ. ಕೇಳುವುದು ಇಷ್ಟು ಸಣ್ಣದಾಗಿದ್ದರೆ ಕೊಡುವ ಕೈ ಮುಂದೆ ಬರುತ್ತದೆ.

ಕೇಳಲು ಎಲ್ಲಿ ಹೋಗಬೇಕು? ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ. ಬನದ ಹುಣ್ಣಿಮೆಯ ತೇರಿನಿಂದ ಮೊದಲಾಗಿ ವಾರಗಟ್ಟಲೆ ನಡೆಯುವ ಆ ಜಾತ್ರೆಗೆ ಸುತ್ತಲ ಎಲ್ಲ ತಾಲ್ಲೂಕುಗಳ ಜನ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರೆ. ರಾತ್ರಿಯಿಡೀ ನಾಟಕ ಕಂಪನಿಗಳ ಆಟ. ತಾಯಿ ಬನಶಂಕರಿ ಬನದ ದೇವಿ, ಶಾಕಾಂಬರಿ. ಪಲ್ಲೇದ ಹಬ್ಬದಂದು 108 ಬಗೆಯ ಪಲ್ಯಗಳ ನೈವೇದ್ಯ ಅವಳಿಗೆ. ಚದುರಿದ ನಡುಗಡ್ಡೆಗಳ ಜನರೆಲ್ಲ ತಾವಾಗಿ ಒಂದೆಡೆ ಸೇರುವ ಜಾಗ ಇದೇ. ನಗರದ ಹೋಟೆಲಿನಲ್ಲಿ ಕಾರ್ಯಾಗಾರ ಮಾಡುವ ಬದಲು ಇಲ್ಲೊಂದು ಚಪ್ಪರ ಹಾಕಿ ಕೂಡಲಿ. ಚಿಂಕಾರದ ಕತೆಯನ್ನೇ ನಾಟಕ ಮಾಡಿಸಿದರೂ ಆದೀತು.

ಇಂಥ ಕೆಲಸ ನಡೆಸುವವರು ಎದುರಿಸುವ ದೊಡ್ಡ ತೊಡಕು ಕಾಲದ್ದು. ಹಣ ಕೊಡುವವರು ಎರಡು ಮೂರು ವರ್ಷಕ್ಕೆ ಕೊಡುತ್ತಾರೆ. ತೋಳಕ್ಕೂ ಚಿಂಕಾರಕ್ಕೂ ಆ ಲೆಕ್ಕ ಗೊತ್ತಿಲ್ಲ. ಕರ್ನಾಟಕದಿಂದಲೇ ಹೊರಟು ದೂರದ ದ್ವೀಪಗಳಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗಳಿವೆ. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಲಕ್ಷದ್ವೀಪದ ಹವಳಗಳನ್ನು ವರ್ಷಗಳುದ್ದಕ್ಕೂ ಗಮನಿಸುತ್ತ ಬಂದಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಂಡಮಾನಿನ ಲಿಟಲ್ ಅಂಡಮಾನ್ ದ್ವೀಪದ ದಂಡೆಯಲ್ಲಿ ಮೊಟ್ಟೆ ಇಡಲು ಬರುವ ದೈತ್ಯ ಕಡಲಾಮೆಗಳನ್ನು ಲೆಕ್ಕವಿಡುತ್ತದೆ. ಅಲ್ಲಿ ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನ ಕಟ್ಟಿದ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾ ಕಡೆಗೆ, ಕೆಲವು ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾದ ಮೊಜಾಂಬಿಕ್ ಕಡೆಗೆ ಈಜಿದವು. ಅಂಡಮಾನಿಗೆ ಸಂಶೋಧಕರು ಬರುತ್ತಾರೆ, ಪದವಿ ಮುಗಿಸಿ ಹೋಗುತ್ತಾರೆ. ವರ್ಷ ವರ್ಷ ದೋಣಿ ನಡೆಸಿ, ಶಿಬಿರ ಕಟ್ಟಿ, ರಾತ್ರಿಯಿಡೀ ದಂಡೆ ತಿರುಗಿ ಕೆಲಸ ಉಳಿಸಿದವರು ಅಲ್ಲೇ ನೆಲೆಸಿರುವ ಕರೆನ್ ಸಮುದಾಯದ ಜನ. ನಮ್ಮಲ್ಲಿಯೂ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ, ಆಯಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊತ್ತು ಹೊಲಗಳಲ್ಲಿ ಮೇಯುವುದನ್ನು ಸಹಿಸಿಕೊಂಡ ಸುತ್ತಲ ರೈತರಿಂದಲೇ ಆ ಕೆರೆಗೆ ಈ ಗೌರವ ಸಂದಿದೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಆ ಪುಸ್ತಕ ತೋರಿಸಿರಿ ಎಂದು ಕೇಳಿ. ನಿಮ್ಮ ಊರಿನ ಗುಡ್ಡದ ತೋಳ, ಚಿಂಕಾರ, ಕತ್ತೆಕಿರುಬ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಬರೆಸಲು ಕುರಿಗಾರರನ್ನೇ ಕರೆಯಿರಿ. ಆದರೆ ಹಗಲಿನಲ್ಲಿ ಸಭೆ ಇಟ್ಟರೆ ಅವರು ಬರಲಾರರು. ಕುರಿ ದಡ್ಡಿಗೆ ಬಂದ ಮೇಲೆ, ಸಂತೆಯಿಲ್ಲದ ದಿನ ನೋಡಿ, ಪುಸ್ತಕ ಹಿಡಿದುಕೊಂಡು ಅವರಿದ್ದಲ್ಲಿಗೇ ಹೋಗಿರಿ.